ಮೂವತ್ತೆರಡಕ್ಕೆ ಡಾಕ್ಟರಾದ ಕ್ಯಾಪ್ಟನ್

1948ರ ಜುಲೈ 29. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ಉದ್ಘಾಟನೆ. ಸ್ವತಂತ್ರ ಭಾರತಕ್ಕೆ ಅದು ಮೊದಲ ಒಲಿಂಪಿಕ್ಸ್. ನಮ್ಮ ತಂಡದ ಮುಂದೆ ತ್ರಿವರ್ಣ ಧ್ವಜ ಹಿಡಿದು ನಡೆದವರು ಫುಟ್‌ಬಾಲ್ ತಂಡದ ನಾಯಕ ತಾಲಿಮೆರೆನ್ ಆವೊ. ಆಗ ಅವರ ವಯಸ್ಸು 30. ಎಂಬಿಬಿಎಸ್ ಇನ್ನೂ ಮುಗಿದಿರಲಿಲ್ಲ.

ಆವೊ ಹುಟ್ಟಿದ್ದು 1918ರ ಜನವರಿ 28ರಂದು, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಈಗ ಅದು ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಜಿಲ್ಲೆಗೆ ಸೇರಿದೆ. ತಂದೆ ಊರ ಚರ್ಚಿನ ಪಾದ್ರಿ. ಹನ್ನೆರಡು ಮಕ್ಕಳಲ್ಲಿ ಇವರು ನಾಲ್ಕನೆಯವರು. ಚಿಂದಿ ಬಟ್ಟೆ ಸುತ್ತಿದ ಚೆಂಡು, ಬರಿಗಾಲು. ಆಟ ಶುರುವಾದದ್ದು ಹಾಗೆ. ತಂದೆ ಟೈಫಾಯ್ಡಿನಿಂದ ತೀರಿಕೊಂಡರು. ಮಗ ಡಾಕ್ಟರಾಗಿ ತನ್ನ ಜನರ ಸೇವೆಗೆ ನಿಲ್ಲಬೇಕೆಂಬುದು ಅವರ ಆಸೆಯಾಗಿತ್ತು.

ಜೋರ್ಹಾಟ್‌ನಲ್ಲಿ ಶಾಲೆ ಮುಗಿಸಿ ಗುವಾಹಟಿಯ ಕಾಟನ್ ಕಾಲೇಜು ಸೇರಿದರು. ಓಟ, ಜಿಗಿತ, ವಾಲಿಬಾಲ್ ಎಲ್ಲದರಲ್ಲೂ ಕೈಯಾಡಿಸಿದರೂ ಹೆಸರು ತಂದದ್ದು ಫುಟ್‌ಬಾಲ್. ಕಲ್ಕತ್ತದ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿಗೆ ಸೇರುವ ಹೊತ್ತಿಗೆ 1942 ಬಂದಿತ್ತು. ಇಂದಿನ ಆರ್.ಜಿ. ಕರ್ ಕಾಲೇಜೇ ಅದು. ವಯಸ್ಸು 24. ನಮ್ಮ ಕಡೆ ಆ ವಯಸ್ಸಿಗೆ ಬನಶಂಕರಿ ಜಾತ್ರೆಗೆ ಹೋದರೆ ಸಾಕು, ಎದುರಾದ ನೆಂಟರೆಲ್ಲ ನೌಕರಿ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಆವೊ ಆಗಷ್ಟೇ ಅಂಗರಚನಾಶಾಸ್ತ್ರದ ಪುಸ್ತಕ ತೆರೆದಿದ್ದರು.

ಮರುವರ್ಷವೇ ಮೋಹನ್ ಬಾಗಾನ್ ಕ್ಲಬ್ ಅವರನ್ನು ಕರೆಯಿತು. ಗುವಾಹಟಿಯಲ್ಲಿ ಮುಂಚೂಣಿಯಲ್ಲಿ ಆಡುತ್ತಿದ್ದವರು ಇಲ್ಲಿ ಮಧ್ಯದಲ್ಲಿ ನಿಂತು ರಕ್ಷಣೆಯ ಹೊಣೆ ಹೊತ್ತರು. ಬೇಗನೇ ನಾಯಕರೂ ಆದರು. ಆಗಿನ ಕಾಲದಲ್ಲಿ ಆಟಗಾರರಿಗೆ ಈಗಿನಂತೆ ಕೋಟಿಗಟ್ಟಲೆ ಕರಾರು ಇರಲಿಲ್ಲ. ಕಾಲ ಕೂಡ ಸುಮಾರಿನದಲ್ಲ. 1943ರಲ್ಲಿ ಬಂಗಾಳದ ಬರಗಾಲ, 1946ರಲ್ಲಿ ಕಲ್ಕತ್ತದ ಕೋಮು ಗಲಭೆ, ಅದರ ಮರುವರ್ಷ ದೇಶ ವಿಭಜನೆ. ಇವುಗಳ ನಡುವೆ 1944ರಲ್ಲಿ ಜಪಾನಿ ಸೇನೆ ಅವರ ನಾಗಾ ಬೆಟ್ಟಕ್ಕೇ ನುಗ್ಗಿತು, ಕಾಳಗದಲ್ಲಿ ಕೊಹಿಮಾ ಪಟ್ಟಣ ನುಚ್ಚುನೂರಾಯಿತು. ಇಷ್ಟಾದರೂ ಅವರು ಪಂದ್ಯವನ್ನೂ ಬಿಡಲಿಲ್ಲ, ಕಾಲೇಜನ್ನೂ ಬಿಡಲಿಲ್ಲ.

ಇನ್ನು ಆ ಒಲಿಂಪಿಕ್ಸ್ ಪಂದ್ಯ. ಜುಲೈ 31ರಂದು ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬೂಟು ಹಾಕಿರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಅದನ್ನು ಸರಿಗಟ್ಟಿದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಕರ್ನಾಟಕದವರ ಕಾಲಿನಿಂದ ಬಂತು. ಇದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತೋ! ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದವು. ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಬೂಟಿಲ್ಲದೆ ಆಡಿದ್ದೇಕೆ ಎಂದು ಅಲ್ಲಿನ ಪತ್ರಕರ್ತರು ಕೇಳಿದಾಗ, ತಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂಬರ್ಥದ ಮಾತು ಹೇಳಿ ಆವೊ ನಗಿಸಿದ್ದು ಇಂದಿಗೂ ಹೆಸರುವಾಸಿ.

ಅವರ ಆಟ ಕಂಡ ಆರ್ಸೆನಲ್ ಕ್ಲಬ್ ಒಂದು ವರ್ಷದ ಕರಾರಿಗೆ ಕರೆಯಿತಂತೆ. ಅವರು ಒಪ್ಪಲಿಲ್ಲ. ಹಡಗೋ ವಿಮಾನವೋ, ತಂಡದ ಜೊತೆ ಮರಳಿ ಕಲ್ಕತ್ತದ ವಾರ್ಡಿಗೆ ಬಂದರು. ಇಂಗ್ಲೆಂಡಿನಲ್ಲಿ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕ್ರೀಡಾಪ್ರೇಮಿಗಳು ಈಗಲೂ ಕೊರಗುತ್ತಾರೆ. ನನಗೇನೋ ಆ ಕೊರಗು ಇಲ್ಲ. ಇಡೀ ನಾಗಾ ಬೆಟ್ಟದಲ್ಲಿ ಆಗ ವೈದ್ಯರು ಬೆರಳೆಣಿಕೆಯಷ್ಟು.

ಎಂಬಿಬಿಎಸ್ ಕೈಸೇರಿದ್ದು 1950ರಲ್ಲಿ. ಸೇರಿ ಎಂಟು ವರ್ಷ, ವಯಸ್ಸು 32. ಆಮೇಲೆ ದಿಬ್ರುಗಢದಲ್ಲಿ ಕೆಲಸ. 1953ರಲ್ಲಿ ಕೊಹಿಮಾದ ಸರ್ಕಾರಿ ಆಸ್ಪತ್ರೆಗೆ ಸಹಾಯಕ ಸರ್ಜನ್ ಆಗಿ ಬಂದರು. ಅಷ್ಟರಲ್ಲಿ ಆಟಕ್ಕೆ ವಿದಾಯ ಹೇಳಿಯಾಗಿತ್ತು. 1963ರ ಡಿಸೆಂಬರ್‌ನಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಹೊಸ ರಾಜ್ಯದ ಆರೋಗ್ಯ ಇಲಾಖೆಯ ನಿರ್ದೇಶಕರಾದ ಅವರು ನಿವೃತ್ತರಾದದ್ದು 1978ರಲ್ಲಿ.

1998ರ ಸೆಪ್ಟೆಂಬರ್ 13ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡರು. ಈಶಾನ್ಯ ರಾಜ್ಯಗಳ ತಂಡಗಳು ಅವರ ಹೆಸರಿನ ಟ್ರೋಫಿಗಾಗಿ ಸೆಣಸಿವೆ. ಆ ಟ್ರೋಫಿಯ ಹೆಸರಿನಲ್ಲಿ ಕ್ಯಾಪ್ಟನ್ ಎಂದಿಲ್ಲ, ಡಾ. ಟಿ. ಆವೊ ಎಂದಿದೆ.