ಕಂಕನಾಡಿಯ ಫಾದರ್ ಮುಲ್ಲರ್

ವೈದ್ಯಪದವಿಯನ್ನು ಪಡೆಯದವರು ಡಾಕ್ಟರರ ಮೇಲ್ವಿಚಾರಣೆಯಿಲ್ಲದೆ ಸ್ವತಂತ್ರವಾಗಿ ಚಿಕಿತ್ಸೆ ನಡೆಸಬಹುದೆ ಎಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಪದೇ ಪದೇ ತಲೆಯೆತ್ತುತ್ತಿದೆ. ಈ ಚರ್ಚೆ ಬಂದಾಗ ಮಂಗಳೂರಿನವರಿಗೆ ಮೊದಲು ನೆನಪಾಗಬೇಕಾದವರು ಫಾದರ್ ಅಗಸ್ಟಸ್ ಮುಲ್ಲರ್. ಡಾಕ್ಟರರಲ್ಲದವರಿಗೆ ಪೂರ್ಣ ಸ್ವಾತಂತ್ರ್ಯವಿರಬೇಕೆನ್ನುವವರು ಅವರನ್ನು ತಮ್ಮ ಪಕ್ಷದ ಸಾಕ್ಷಿಯಾಗಿ ನಿಲ್ಲಿಸಬಹುದು. ಆದರೆ ಆ ಮಹನೀಯರ ಜೀವನವನ್ನು ಆದ್ಯಂತವಾಗಿ ನೋಡಿದವರಿಗೆ ದೊರೆಯುವ ಪಾಠವು ಬೇರೆಯಾಗಿದೆ.

ಮುಲ್ಲರರು 1841ನೆಯ ಇಸವಿ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ ಜನಿಸಿದರು. ಯೇಸು ಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಆ ಸಭೆಯ ಪಾದ್ರಿಗಳಲ್ಲಿ ಅವರೂ ಒಬ್ಬರು. ಅವರು ಬಂದುದು ವೈದ್ಯರಾಗಿ ಅಲ್ಲ. 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬೋಧಕರಾಗಿದ್ದುದು ಅವರ ಮೊದಲ ಕಾರ್ಯ. ಹೋಮಿಯೋಪತಿಯಲ್ಲಿ ಅವರಿಗೆ ಸ್ವಂತ ಅಭ್ಯಾಸದಿಂದ ಬಂದ ಪರಿಶ್ರಮವಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೂ ಬಡವರಿಗೂ ಔಷಧ ಕೊಡತೊಡಗಿದರು. ಅದೇ ವರ್ಷ ಕಂಕನಾಡಿಯ ಆಲದ ಮರದಡಿಯಲ್ಲಿ ಬಡವರ ಔಷಧಾಲಯವು ಆರಂಭವಾಯಿತು.

ಮುಂದಿನ ಮೂವತ್ತು ವರ್ಷಗಳ ಕಥೆಯು ಈ ಬೀಜವು ಮರವಾದ ಕಥೆ. ಅವರು ಅಂಚೆಯ ಮೂಲಕ ದೂರದೂರದ ಊರುಗಳಿಗೆ ಔಷಧಗಳನ್ನು ಕಳುಹಿಸಿ, ಅದರ ಉತ್ಪನ್ನವನ್ನು ರೋಗಿಗಳ ಸೇವೆಗೆ ವಿನಿಯೋಗಿಸಿದರು. ಮನೆಯವರೇ ಹೊರಗಟ್ಟುತ್ತಿದ್ದ ಕುಷ್ಠರೋಗಿಗಳಿಗೆ 1890ರಲ್ಲಿ ಆಶ್ರಯಧಾಮವನ್ನು ಕಟ್ಟಿಸಿದರು. 1895ರಲ್ಲಿ ಆಸ್ಪತ್ರೆಯನ್ನು ತೆರೆದರು. ಊರಿಗೆ ಪ್ಲೇಗು ಮಾರಿ ಬಂದಾಗ, ಜನರು ಊರು ಬಿಟ್ಟೋಡುವ ಭೀತಿಯ ನಡುವೆ, ಆ ರೋಗಿಗಳಿಗೂ ಪ್ರತ್ಯೇಕ ವ್ಯವಸ್ಥೆ ಮಾಡಿದರು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು. ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ವೈದ್ಯರ ನೋಂದಣಿಯ ಶಾಸನವು ಬಂದುದು 1914ರಲ್ಲಿ. ಅಂದರೆ ಅವರ ಜೀವಮಾನದಲ್ಲಿ ಇವರು ವೈದ್ಯರು, ಇವರಲ್ಲವೆಂದು ಗೆರೆ ಎಳೆಯುವ ಪಟ್ಟಿಯೇ ಇಲ್ಲಿರಲಿಲ್ಲ.

ಹಾಗಾದರೆ ಅವರ ಸೇವೆಯ ತಿರುಳೇನು? ಹೋಮಿಯೋಪತಿಯ ಗುಳಿಗೆಗಳಿಗೆ ರೋಗ ಕಳೆಯುವ ವಿಶೇಷ ಶಕ್ತಿಯಿದೆಯೆಂದು ಇಂದಿನ ವೈಜ್ಞಾನಿಕ ಪರೀಕ್ಷೆಗಳು ಒಪ್ಪುವುದಿಲ್ಲ. ಕುಷ್ಠಕ್ಕಂತೂ ಆಗ ಯಾವ ಪದ್ಧತಿಯಲ್ಲಿಯೂ ನಿಶ್ಚಿತವಾದ ಮದ್ದಿರಲಿಲ್ಲ. ಸಲ್ಫೋನ್ ಔಷಧಗಳು ಬಳಕೆಗೆ ಬಂದುದು 1940ರ ದಶಕದಲ್ಲಿ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದುದು 1981ರಲ್ಲಿ. ಆದರೆ ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ, ಹುಣ್ಣು ತೊಳೆದು ಕಟ್ಟುವ ಕೈ, ಮುಟ್ಟಲು ಹೇಸದ ಮನಸ್ಸು, ಇವುಗಳಿಗೆ ಪದವಿ ಬೇಕಿರಲಿಲ್ಲ. ಇವು ವ್ಯರ್ಥವೂ ಆಗಲಿಲ್ಲ. ಶುಶ್ರೂಷೆ ಬೇರೆ, ರೋಗನಿರ್ಣಯ ಬೇರೆ. ಮೊದಲನೆಯದಕ್ಕೆ ಕರುಣೆಯೇ ಮುಖ್ಯ ಬಂಡವಾಳ. ಎರಡನೆಯದಕ್ಕೆ ಕರುಣೆಯೊಂದೇ ಸಾಲದು.

ಅವರ ಸಂಸ್ಥೆಯೂ ಆಲದ ಮರದಡಿಯಲ್ಲಿಯೇ ನಿಲ್ಲಲಿಲ್ಲ. 1985ರಲ್ಲಿ ಅಲ್ಲಿ ಹೋಮಿಯೋಪತಿ ಕಾಲೇಜು ಆರಂಭವಾಯಿತು, 1999ರಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣವೂ ಮೊದಲಾಯಿತು. ಪದವಿಯಿಲ್ಲದ ಪಾದ್ರಿಯ ಹೆಸರಿನಲ್ಲಿಯೇ ಇಂದು ಪದವೀಧರ ವೈದ್ಯರು ಸಿದ್ಧರಾಗುತ್ತಿದ್ದಾರೆ. ಸೇವೆಯು ಬೆಳೆದಂತೆ ವಿದ್ಯೆಯ ಕಟ್ಟುಪಾಡಿಗೆ ಒಳಪಡುವುದು ಅದರ ಅವನತಿಯಲ್ಲ, ಸಾಫಲ್ಯ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಶಾಸನದ 32ನೆಯ ಪ್ರಕರಣವು ಆಧುನಿಕ ವೈದ್ಯವೃತ್ತಿಗೆ ಸಂಬಂಧಪಟ್ಟ ಅರ್ಹರಿಗೆ ಮಿತವಾದ ಪರವಾನಗಿ ಕೊಡಲು ಎಡೆಮಾಡಿದೆ. ಪ್ರಾಥಮಿಕ ಹಾಗೂ ರೋಗನಿವಾರಕ ಆರೋಗ್ಯಸೇವೆಯಲ್ಲಿ ಮಾತ್ರ ಅವರು ಗೊತ್ತುಪಡಿಸಿದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು. ಮಿಕ್ಕ ಕಡೆ ವೈದ್ಯರ ಮೇಲ್ವಿಚಾರಣೆ ಬೇಕು. ಅವರ ಸಂಖ್ಯೆಯು ನೋಂದಾಯಿತ ವೈದ್ಯರ ಮೂರರಲ್ಲೊಂದು ಪಾಲನ್ನು ಮೀರಕೂಡದು. ಈ ಗೆರೆಯು ಸರಿಯಾದ ದಿಕ್ಕಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಘಟ್ಟದ ಬುಡದ ಹಳ್ಳಿಯಲ್ಲಿ ಜ್ವರದಿಂದ ನರಳುವ ಕೂಲಿಯಾಳು ಡಾಕ್ಟರರು ಬರುವವರೆಗೆ ಕಾಯಲಾರನು. ತರಬೇತಿಯಿಲ್ಲದವನ ಸೂಜಿಗೆ ಮೈಯೊಡ್ಡಬೇಕಾದ ಗತಿಯೂ ಅವನಿಗೆ ಬರಬಾರದು. ಬಡವನಿಗೆ ಸಲ್ಲಬೇಕಾದುದು ಅಗ್ಗದ ವೈದ್ಯವಲ್ಲ, ಹತ್ತಿರದ ವೈದ್ಯ. ತನ್ನ ಎಲ್ಲೆಯನ್ನರಿತ ಸೇವಕನೂ, ಅವನ ಬೆನ್ನಿಗೆ ನಿಂತು ಹೊಣೆ ಹೊರುವ ಡಾಕ್ಟರರೂ ಜೊತೆಯಾದಾಗಲೇ ಅದು ಕೈಗೂಡುವುದು. ಮುಲ್ಲರರ ಹೆಸರನ್ನು ಹೇಳುವವರು ಅವರಿಗಿಲ್ಲದಿದ್ದ ಪದವಿಯನ್ನಲ್ಲ, ಅವರಲ್ಲಿದ್ದ ಹೊಣೆಗಾರಿಕೆಯನ್ನು ಆದರ್ಶವಾಗಿ ಇಟ್ಟುಕೊಳ್ಳಲಿ.