ರಕ್ತನಿಧಿಯ ಶಿಲ್ಪಿ ಡಾ. ಚಾರ್ಲ್ಸ್ ಡ್ರೂ

ಊರು ಬಿಟ್ಟು ಬಂದು ಮಹಾನಗರದಲ್ಲಿ ದುಡಿಯುವವನೊಬ್ಬನು ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಆಸ್ಪತ್ರೆಗೆ ಸೇರಿದನೆಂದರೆ, ಅವನಿಗೆ ನೆತ್ತರು ಕೊಡಲು ಒಡಹುಟ್ಟಿದವರು ಬಳಿಯಲ್ಲಿರುವುದಿಲ್ಲ. ಎಂದೋ ಯಾರೋ ಕೊಟ್ಟ ರಕ್ತವು ಶೀತಪೆಟ್ಟಿಗೆಯಲ್ಲಿ ಅವನಿಗಾಗಿ ಕಾದಿರುತ್ತದೆ. ಕೊಟ್ಟವನ ಜಾತಿ ಯಾವುದು, ಭಾಷೆ ಯಾವುದು ಎಂದು ಆ ಬಾಟಲಿಯ ಮೇಲೆ ಬರೆದಿರುವುದಿಲ್ಲ. ಈ ಏರ್ಪಾಡು ತಾನಾಗಿ ಹುಟ್ಟಿದುದಲ್ಲ. ಇದಕ್ಕೆ ಕ್ರಮಬದ್ಧವಾದ ರೂಪು ಕೊಟ್ಟವರಲ್ಲಿ ಪ್ರಮುಖರಾದ ಡಾ. ಚಾರ್ಲ್ಸ್ ರಿಚರ್ಡ್ ಡ್ರೂ ಅವರ ಜೀವನವನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಬಹುದಿನಗಳ ಬಯಕೆಯಾಗಿತ್ತು. ಅವರ ಮರಣವನ್ನು ಕುರಿತು ಒಂದು ಸುಳ್ಳು ಸುದ್ದಿ ದಶಕಗಳ ಕಾಲ ಓಡಾಡಿದುದೂ ಈ ಬರಹಕ್ಕೆ ಇನ್ನೊಂದು ಕಾರಣ.

ಡ್ರೂ ಅವರು ಹುಟ್ಟಿದುದು 1904ನೆಯ ಇಸವಿ ಜೂನ್ 3ರಂದು, ಅಮೆರಿಕೆಯ ರಾಜಧಾನಿ ವಾಷಿಂಗ್ಟನ್ನಿನಲ್ಲಿ. ಕರಿಯ ಜನಾಂಗದ ಕುಟುಂಬ. ತಂದೆ ಮನೆಗಳಿಗೆ ರತ್ನಗಂಬಳಿ ಹಾಸುವ ಕೆಲಸದವರು; ತಾಯಿ ಉಪಾಧ್ಯಾಯಿನಿಯಾಗಲು ಓದಿದವರು. ಬಾಲಕ ಚಾರ್ಲ್ಸನು ಬೀದಿಯಲ್ಲಿ ದಿನಪತ್ರಿಕೆ ಮಾರಿದನು. ಸ್ವಲ್ಪ ಕಾಲದಲ್ಲಿಯೇ ಬೇರೆ ಹುಡುಗರನ್ನು ಕೂಡಿಸಿಕೊಂಡು ಆ ಮಾರಾಟವನ್ನು ಬೆಳೆಸಿದನು. ಚೆದುರಿದ ಕೆಲಸವನ್ನು ಒಂದು ಕ್ರಮಕ್ಕೆ ತರುವ ಗುಣ ಅವನಲ್ಲಿ ಅಂದೇ ಇದ್ದಿತೆಂದು ನಾವು ತಿಳಿಯುತ್ತೇವೆ. 1920ರಲ್ಲಿ ಕ್ಷಯದಿಂದ ನರಳುತ್ತಿದ್ದ ಸೋದರಿಯು ಇನ್‌ಫ್ಲುಯೆಂಜಾ ಬೇನೆಗೆ ಬಲಿಯಾದಳು. ವೈದ್ಯನಾಗಬೇಕೆಂಬ ಯೋಚನೆಗೆ ಆ ಸಾವೂ ಒಂದು ಕಾರಣವಾಯಿತು.

ಆಟದಲ್ಲಿ ಡ್ರೂ ಅವರದು ಎತ್ತಿದ ಕೈ. ಆ ಬಲದಿಂದಲೇ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ದೊರೆತು 1926ರಲ್ಲಿ ಪದವೀಧರರಾದರು. ವೈದ್ಯ ವಿದ್ಯೆಗೆ ಹಣ ಸಾಲದು. ಬಾಲ್ಟಿಮೋರಿನ ಮೋರ್ಗನ್ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿ, ಆಟ ಆಡಿಸಿ, ಹಣ ಕೂಡಿಟ್ಟರು. ಕರಿಯರಿಗಾಗಿಯೇ ಇದ್ದ ಹೋವರ್ಡ್ ವಿಶ್ವವಿದ್ಯಾಲಯವು ಇಂಗ್ಲಿಷ್ ವಿಷಯದಲ್ಲಿ ಓದು ಸಾಲದೆಂದು ಅವರಿಗೆ ವೈದ್ಯ ತರಗತಿಯ ಪ್ರವೇಶ ಕೊಡಲಿಲ್ಲ. ಅದೇ ಹೋವರ್ಡಿನಲ್ಲಿ ಮುಂದೆ ಅವರು ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. 1928ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರಕ್ಕೆ ಹೋಗಿ ಮೆಕ್‌ಗಿಲ್ ವಿಶ್ವವಿದ್ಯಾಲಯವನ್ನು ಸೇರಿ, 1933ರಲ್ಲಿ 137 ಮಂದಿಯ ತರಗತಿಯಲ್ಲಿ ಎರಡನೆಯವರಾಗಿ ತೇರ್ಗಡೆಯಾದರು. ಅಲ್ಲಿ ಜಾನ್ ಬೀಟಿ ಎಂಬ ಬ್ರಿಟಿಷ್ ಅಧ್ಯಾಪಕರ ಸಹವಾಸದಿಂದ, ರಕ್ತ ಸೋರಿ ದೇಹ ತಣ್ಣಗಾಗುವ ಆಘಾತ ಸ್ಥಿತಿಗೆ ಏನು ಮಾಡಬೇಕೆಂಬ ಪ್ರಶ್ನೆ ಅವರ ಮನಸ್ಸನ್ನು ಹೊಕ್ಕಿತು.

ಆ ಪ್ರಶ್ನೆ ಆಗ ಎಲ್ಲಿಗೆ ಬಂದು ನಿಂತಿತ್ತೆಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ರಕ್ತದಲ್ಲಿ ಗುಂಪುಗಳಿವೆಯೆಂದು ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಅವರು 1901ರಲ್ಲಿ ಪ್ರಕಟಿಸಿದ್ದರು. ಸಿಟ್ರೇಟ್ ಎಂಬ ಲವಣ ಬೆರೆಸಿದರೆ ಹೊರತೆಗೆದ ರಕ್ತ ಹೆಪ್ಪುಗಟ್ಟುವುದಿಲ್ಲವೆಂದು ಮೊದಲ ಮಹಾಯುದ್ಧದ ಹೊತ್ತಿಗೆ ಗೊತ್ತಾಗಿತ್ತು. 1937ರಲ್ಲಿ ಷಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾ. ಫ್ಯಾಂಟಸ್ ಅವರು ರಕ್ತವನ್ನು ಕೂಡಿಡುವ ಕೋಣೆ ತೆರೆದು, ಅದಕ್ಕೆ ಬ್ಯಾಂಕ್ ಎಂಬ ಹೆಸರಿಟ್ಟರು. ಆದರೆ ಇಟ್ಟ ರಕ್ತ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಏಕೆ ಕೆಡುತ್ತದೆ, ಎಷ್ಟು ತಣ್ಣಗಿಡಬೇಕು, ಅಲುಗಾಡಿಸಿದರೆ ಏನಾಗುತ್ತದೆ, ಪಾತ್ರೆಯ ಆಕಾರ ಹೇಗಿರಬೇಕು, ಇವೆಲ್ಲಕ್ಕೂ ಲೆಕ್ಕವಿಟ್ಟು ಉತ್ತರ ಹುಡುಕಬೇಕಾಗಿತ್ತು.

1938ರಲ್ಲಿ ಡ್ರೂ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದು, ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಡಾ. ಜಾನ್ ಸ್ಕಡರ್ ಅವರ ಜತೆಗೂಡಿ ಈ ಕೆಲಸಕ್ಕೇ ಕೈಹಾಕಿದರು. 1940ರಲ್ಲಿ ಒಪ್ಪಿಸಿದ ಅವರ ದೊಡ್ಡ ಪ್ರಬಂಧವು ಕೂಡಿಟ್ಟ ರಕ್ತವನ್ನು ಕುರಿತುದೇ ಆಗಿತ್ತು. ಕೊಲಂಬಿಯಾದಲ್ಲಿ ವೈದ್ಯವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಕರಿಯ ಅಮೆರಿಕನ್ ಅವರೇ. ನಡುವೆ 1939ರಲ್ಲಿ ಲೆನೋರ್ ರಾಬಿನ್ಸ್ ಎಂಬ ಉಪಾಧ್ಯಾಯಿನಿಯೊಡನೆ ಮದುವೆಯೂ ಆಯಿತು. ಹಿರಿಯ ಮಗಳನ್ನು ಮನೆಯಲ್ಲಿ ಬೀಬೀ ಎಂದು ಕರೆದರು. ಬ್ಲಡ್ ಬ್ಯಾಂಕ್ ಎಂಬ ಎರಡು ಮಾತುಗಳ ಮೊದಲಕ್ಷರಗಳು ಅವು. ಮನೆಗೂ ಪ್ರಯೋಗಶಾಲೆಗೂ ಆ ಮನುಷ್ಯರಿಗೆ ಅಂತರವೇ ಇರಲಿಲ್ಲವೆಂದು ಕಾಣುತ್ತದೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಜರ್ಮನ್ ವಿಮಾನಗಳು ಇಂಗ್ಲೆಂಡಿನ ಮೇಲೆ ಬಾಂಬು ಸುರಿಸುತ್ತಿದ್ದವು. ರಕ್ತದಿಂದ ಕೆಂಪು ಕಣಗಳನ್ನು ಬೇರ್ಪಡಿಸಿದರೆ ಉಳಿಯುವ ಹಳದಿ ಬಣ್ಣದ ದ್ರವಕ್ಕೆ ಪ್ಲಾಸ್ಮಾ ಎಂದು ಹೆಸರು. ಅದು ರಕ್ತಕ್ಕಿಂತ ಬಹುಕಾಲ ಕೆಡದೆ ಇರುತ್ತದೆ. ಹಲವರ ಪ್ಲಾಸ್ಮಾವನ್ನು ಬೆರೆಸಿಟ್ಟರೆ ಗುಂಪು ನೋಡದೆಯೂ ಕೊಡಬಹುದಾಗಿತ್ತು. ಅದನ್ನು ನ್ಯೂಯಾರ್ಕಿನಿಂದ ಹಡಗಿನಲ್ಲಿ ಬ್ರಿಟನ್ನಿಗೆ ಕಳುಹಿಸುವ ಕಾರ್ಯವು 1940ರ ಆಗಸ್ಟಿನಲ್ಲಿ ಆರಂಭವಾಯಿತು. ಆದರೆ ಒಂದೊಂದು ಆಸ್ಪತ್ರೆಯದು ಒಂದೊಂದು ಪದ್ಧತಿ. ಎಲ್ಲಿಯಾದರೂ ರೋಗಾಣು ಸೇರಿದರೆ ಔಷಧವೇ ವಿಷವಾಗುತ್ತಿತ್ತು. ಸೆಪ್ಟೆಂಬರಿನಲ್ಲಿ ಡ್ರೂ ಅವರನ್ನು ಕರೆಸಿ ಇದರ ಮೇಲ್ವಿಚಾರಣೆ ಒಪ್ಪಿಸಿದರು. ಸೂಜಿ ತೊಳೆಯುವುದರಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ ಅವರು ಎಲ್ಲ ಆಸ್ಪತ್ರೆಗಳಿಗೂ ಒಂದೇ ವಿಧಿಯನ್ನು ಗೊತ್ತುಮಾಡಿದರು. ನಾಲ್ಕು ಕಡೆ ಹೋಟೆಲು ತೆರೆದು ನಾಲ್ಕರಲ್ಲೂ ಸಾಂಬಾರಿನ ರುಚಿ ಒಂದೇ ಆಗಿರುವಂತೆ ನೋಡಿಕೊಳ್ಳಲು ಹೆಣಗಿದವರಿಗೆ ಈ ಕೆಲಸದ ಕಷ್ಟ ತಿಳಿಯುತ್ತದೆ. ಇಲ್ಲಿಯಾದರೋ ತಪ್ಪಿದರೆ ಗಿರಾಕಿ ಎದ್ದು ಹೋಗುವುದಲ್ಲ, ಪ್ರಾಣವೇ ಹೋಗುವುದು. 1941ರ ಜನವರಿಯಲ್ಲಿ ಈ ಕಾರ್ಯ ಮುಗಿಯುವ ಹೊತ್ತಿಗೆ ಸುಮಾರು 14,500 ಮಂದಿ ರಕ್ತ ಕೊಟ್ಟಿದ್ದರು. 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ಸಿದ್ಧವಾಗಿತ್ತು.

ಮುಂದೆ ಅಮೆರಿಕನ್ ರೆಡ್‌ಕ್ರಾಸ್ ಸಂಸ್ಥೆಯು ತನ್ನ ದೇಶದ ಸೇನೆಗಾಗಿ ರಕ್ತಸಂಗ್ರಹಕ್ಕೆ ತೊಡಗಿದಾಗ ನ್ಯೂಯಾರ್ಕಿನ ಆ ಕೆಲಸಕ್ಕೂ ಡ್ರೂ ಅವರೇ ನಿರ್ದೇಶಕರು. ಊರೂರಿಗೆ ಹೋಗಿ ರಕ್ತ ಪಡೆಯುವ ಮೋಟಾರು ಗಾಡಿಗಳನ್ನು ಬಳಕೆಗೆ ತಂದರು. ಏಪ್ರಿಲಿನಲ್ಲಿ ಅವರು ಹೋವರ್ಡಿಗೆ ಮರಳಿದರು. ಆ ವರ್ಷದ ಕೊನೆಗೆ ರೆಡ್‌ಕ್ರಾಸ್ ಸಂಸ್ಥೆಯು ಸೇನೆಯ ಇಚ್ಛೆಯಂತೆ ಕರಿಯರ ರಕ್ತವೇ ಬೇಡವೆಂದಿತು. 1942ರ ಜನವರಿಯಲ್ಲಿ, ತೆಗೆದುಕೊಳ್ಳುತ್ತೇವೆ, ಆದರೆ ಬೇರೆಯಾಗಿ ಇಡುತ್ತೇವೆ ಎಂದಿತು. ಈ ನಿಧಿಗೆ ಅಡಿಗಲ್ಲು ಹಾಕಿದ ಮನುಷ್ಯನ ರಕ್ತಕ್ಕೇ ಅದರಲ್ಲಿ ಬೇರೆ ಕಪಾಟು! ಇದನ್ನು ಪ್ರತಿಭಟಿಸಿ ಡ್ರೂ ಅವರು ರಾಜೀನಾಮೆ ಕೊಟ್ಟರೆಂದು ಹಲವರು ಬರೆದಿದ್ದಾರೆ. ತಾರೀಖುಗಳು ಹಾಗೆ ಹೇಳುವುದಿಲ್ಲ; ಅವರು ಅದಕ್ಕೆ ಮೊದಲೇ ಹೋಗಿದ್ದರು. ಆದರೆ ಈ ವಿಂಗಡಣೆಗೆ ವಿಜ್ಞಾನದ ಆಧಾರವೇ ಇಲ್ಲವೆಂದು ಅವರು ಬಹಿರಂಗವಾಗಿಯೇ ಸಾರಿದರು. ನಮ್ಮ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯೆಂಬ ಹಲಗೆ ತೂಗುತ್ತಿದ್ದ ಕಾಲವನ್ನು ನೆನೆದರೆ ಅಮೆರಿಕದವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ.

ಮುಂದಿನ ಒಂಬತ್ತು ವರ್ಷ ಹೋವರ್ಡಿನಲ್ಲಿಯೂ ಫ್ರೀಡ್‌ಮೆನ್ಸ್ ಆಸ್ಪತ್ರೆಯಲ್ಲಿಯೂ ಕರಿಯ ಯುವಕರನ್ನು ಶಸ್ತ್ರವೈದ್ಯರನ್ನಾಗಿ ತಯಾರುಮಾಡುವುದೇ ಅವರ ಕಾಯಕವಾಯಿತು. ಪರೀಕ್ಷಕ ಮಂಡಳಿಯಲ್ಲಿ ಸ್ಥಾನವಿತ್ತು, 1944ರಲ್ಲಿ ಸ್ಪಿಂಗಾರ್ನ್ ಪದಕವೂ ಬಂದಿತು. ಆದರೆ ಅಮೆರಿಕನ್ ವೈದ್ಯ ಸಂಘದ ಸದಸ್ಯತ್ವ ಮಾತ್ರ ಅವರಿಗೆ ಕೊನೆಯವರೆಗೂ ದೊರೆಯಲಿಲ್ಲ.

ಇಲ್ಲಿ ಪ್ಲಾಸ್ಮಾದ ವಿಷಯವಾಗಿ ಒಂದು ಮಾತು. ಯುದ್ಧ ಮುಂದುವರಿದಂತೆ, ಅತಿಯಾಗಿ ರಕ್ತ ಸೋರಿದವನಿಗೆ ಪ್ಲಾಸ್ಮಾ ಒಂದೇ ಸಾಲದು, ಪೂರ್ಣ ರಕ್ತವೇ ಬೇಕೆಂದು ರಣರಂಗದ ಶಸ್ತ್ರವೈದ್ಯರು ಕಂಡುಕೊಂಡರು. ಉಸಿರಿನ ವಾಯುವನ್ನು ಹೊರುವ ಕೆಂಪು ಕಣ ಪ್ಲಾಸ್ಮಾದಲ್ಲಿ ಇಲ್ಲವಷ್ಟೆ. ಇಂದಿನ ವೈದ್ಯರು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರನ್ನೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಕೊಡುತ್ತಾರೆ. ಆದರೆ ಯಾರಿಗೆ? ಗಾಯಗೊಂಡು ಬಂದವರಲ್ಲಿ ಹೆಚ್ಚಿನವರಿಗೆ ರಕ್ತವೇ ಬೇಡ. ಕೆಲವರಿಗೆ ಮಾತ್ರ ಒಂದೇ ದಿನದಲ್ಲಿ ಹತ್ತು ಯೂನಿಟ್ಟಿಗೂ ಮೀರಿ ಬೇಕಾಗುತ್ತದೆ. ಅವರು ಯಾರೆಂದು ಬಾಗಿಲಲ್ಲಿಯೇ ಅರಿಯಬೇಕು, ಏಕೆಂದರೆ ಹೊಟ್ಟೆಯೊಳಗೆ ಸೋರುವ ನೆತ್ತರು ಕಣ್ಣಿಗೆ ಬೀಳುವುದಿಲ್ಲ. ನಾಡಿಯ ಎಣಿಕೆಯನ್ನು ರಕ್ತದೊತ್ತಡದ ಮೇಲಿನ ಅಂಕಿಯಿಂದ ಭಾಗಿಸಿ, ಭಾಗಲಬ್ಧ ಒಂದನ್ನು ಮೀರಿದರೆ ಅಪಾಯವೆಂದು ತಿಳಿಯುವ ಕ್ರಮ 1967ರಲ್ಲಿ ಬಂದಿತು. 2009ರಲ್ಲಿ ಇನ್ನೊಂದು ಸರಳ ಕ್ರಮ ಪ್ರಕಟವಾಯಿತು: ಇರಿತ ಅಥವಾ ಗುಂಡಿನ ಗಾಯವೇ, ಒತ್ತಡ 90 ಅಥವಾ ಅದಕ್ಕೂ ಕಡಿಮೆಯೇ, ನಾಡಿ 120 ಅಥವಾ ಅದಕ್ಕೂ ಹೆಚ್ಚೇ, ಅಲ್ಟ್ರಾಸೌಂಡ್ ಯಂತ್ರದಲ್ಲಿ ಒಳಗೆ ರಕ್ತ ಕಾಣುತ್ತದೆಯೇ. ನಾಲ್ಕರಲ್ಲಿ ಎರಡಕ್ಕೆ ಹೌದೆಂದು ಬಂದರೆ ರಕ್ತನಿಧಿಗೆ ತತ್‌ಕ್ಷಣ ಕರೆ ಹೋಗುತ್ತದೆ. ಇದರಿಂದ ಕೆಲವೊಮ್ಮೆ ಬೇಡದವರಿಗೂ ರಕ್ತ ಸಿದ್ಧವಾಗುವುದುಂಟು. ಬೇಕಾದವನು ಕಣ್ತಪ್ಪುವುದಕ್ಕಿಂತ ಅದು ಮೇಲೆಂಬುದು ವೈದ್ಯರ ಲೆಕ್ಕ. ಕರೆದೊಡನೆ ರಕ್ತ ಬರುವಂತಿದ್ದರೆ ತಾನೆ ಈ ಲೆಕ್ಕಕ್ಕೆ ಬೆಲೆ? ಆ ಸಿದ್ಧತೆಯೇ ಡ್ರೂ ಅವರ ಬಿತ್ತನೆ.

1950ರ ಮಾರ್ಚ್ 31ರಂದು ದಿನವಿಡೀ ದುಡಿದಿದ್ದ ಡ್ರೂ ಅವರು ಆ ರಾತ್ರಿಯೇ ಮೂವರು ವೈದ್ಯರೊಡನೆ ಮೋಟಾರಿನಲ್ಲಿ ಅಲಬಾಮಾದ ಟಸ್ಕೀಗೀಗೆ ಹೊರಟರು. ಅಲ್ಲಿ ವರ್ಷಕ್ಕೊಮ್ಮೆ ಉಚಿತ ಚಿಕಿತ್ಸಾ ಶಿಬಿರ ನಡೆಯುತ್ತಿತ್ತು. ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ, ಉತ್ತರ ಕೆರೊಲಿನಾದ ಹಾ ರಿವರ್ ಎಂಬಲ್ಲಿ, ಚಾಲಕನ ಸ್ಥಾನದಲ್ಲಿದ್ದ ಅವರಿಗೆ ಜೊಂಪು ಹತ್ತಿತು. ಕಾರು ರಸ್ತೆ ಬಿಟ್ಟು ಉರುಳಿತು. ಉಳಿದ ಮೂವರು ಬದುಕಿಕೊಂಡರು. ಡ್ರೂ ಅವರ ದೇಹ ಕಾರಿನಡಿಯಲ್ಲಿ ಜಜ್ಜಿಹೋಗಿತ್ತು. ಬರ್ಲಿಂಗ್ಟನ್ನಿನ ಅಲಮಾನ್ಸ್ ಆಸ್ಪತ್ರೆಯಲ್ಲಿ ಅವರು ಅಸುನೀಗಿದರು. ವಯಸ್ಸು ನಲವತ್ತೈದು.

ಕರಿಯನೆಂಬ ಕಾರಣಕ್ಕೆ ಆ ಆಸ್ಪತ್ರೆ ಅವರಿಗೆ ರಕ್ತ ನಿರಾಕರಿಸಿತು, ರಕ್ತನಿಧಿಯ ಜನಕನೇ ರಕ್ತವಿಲ್ಲದೆ ಸತ್ತನು ಎಂಬ ಸುದ್ದಿ ಬೇಗನೆ ಹಬ್ಬಿತು. ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಅಚ್ಚಾಯಿತು. ಅದು ನಿಜವಲ್ಲ. ಅಲ್ಲಿನ ಬಿಳಿಯ ವೈದ್ಯರು ಅವರನ್ನು ಗುರುತಿಸಿ, ತಮ್ಮಿಂದಾದುದನ್ನೆಲ್ಲ ಮಾಡಿದರು. ಜತೆಗಿದ್ದ ವೈದ್ಯಮಿತ್ರರೇ ಇದಕ್ಕೆ ಸಾಕ್ಷಿ. ಹೃದಯಕ್ಕೆ ಸೇರುವ ಹಿರಿಯ ರಕ್ತನಾಳವೇ ಕಟ್ಟಿಹೋಗಿದ್ದುದರಿಂದ ಎಷ್ಟು ರಕ್ತ ಕೊಟ್ಟರೂ ಉಳಿಯುವಂತಿರಲಿಲ್ಲವೆಂದು ಅವರಲ್ಲೊಬ್ಬರು ಮುಂದೆ ವಿವರಿಸಿದರು. ಡ್ರೂ ಅವರ ಕುಟುಂಬವು ಆ ಆಸ್ಪತ್ರೆಯವರಿಗೆ ಕೃತಜ್ಞತೆಯ ಪತ್ರ ಬರೆಯಿತು. ಪತ್ರಿಕೆ ನಡೆಸುವವರಾದ ನಮಗೆ ಈ ಸುದ್ದಿಯ ಪ್ರಯಾಣವು ಪಾಠವೇ ಸರಿ. ಕೇಳಲು ಇಷ್ಟು ಒಪ್ಪವಾಗಿ ಹೊಂದಿಕೊಳ್ಳುವ ಕಥೆ ಕೈಗೆ ಬಂದಾಗ ಯಾವ ಸಂಪಾದಕನಿಗೆ ತಾನೆ ಎರಡನೆಯ ಸಲ ವಿಚಾರಿಸುವ ಮನಸ್ಸಾದೀತು?

ಆದರೂ ಜನರು ಅದನ್ನು ನಂಬಿದುದು ಬರಿಯ ಮೌಢ್ಯದಿಂದಲ್ಲ. ಅದೇ 1950ರ ಡಿಸೆಂಬರಿನಲ್ಲಿ, ಅದೇ ಅಲಮಾನ್ಸ್ ಜಿಲ್ಲೆಯ ರಸ್ತೆಯಲ್ಲಿ, ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಕರಿಯ ವಿದ್ಯಾರ್ಥಿಯೊಬ್ಬನು ಅಪಘಾತದಲ್ಲಿ ಗಾಯಗೊಂಡನು. ಡ್ರೂ ಅವರು ಸತ್ತ ಆ ಸಣ್ಣ ಆಸ್ಪತ್ರೆಯಿಂದ ಅವನನ್ನು ದೊಡ್ಡದೊಂದು ಆಸ್ಪತ್ರೆಗೆ ಸಾಗಿಸಿದರು. ಕರಿಯರಿಗಾಗಿ ಮೀಸಲಿಟ್ಟ ಮಂಚಗಳು ತುಂಬಿವೆಯೆಂದು ಅಲ್ಲಿ ಅವನನ್ನು ಹಿಂದಕ್ಕೆ ಕಳುಹಿಸಿದರು. ಕರಿಯರ ಆಸ್ಪತ್ರೆಯನ್ನು ತಲಪಿದ ಸ್ವಲ್ಪ ಹೊತ್ತಿಗೆ ಅವನು ತೀರಿಕೊಂಡನು.