ಸೋಲದ ಶಾಲೆಗಳನ್ನು ಅರಸಿದವರು

ಬಡವರ ಮಕ್ಕಳು ಓದಿನಲ್ಲಿ ಹಿಂದುಳಿದರೆ ಅದಕ್ಕೆ ಹೊಣೆ ಮನೆಯೋ, ಶಾಲೆಯೋ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ತಮ್ಮ ಅಲ್ಪಾಯುಷ್ಯದ ಬಹುಭಾಗವನ್ನು ಸವೆಸಿದವರು ರೊನಾಲ್ಡ್ ಎಡ್ಮಂಡ್ಸ್.

ಕಪ್ಪು ಜನಾಂಗದವರಾದ ಎಡ್ಮಂಡ್ಸ್ 1935ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಪಟ್ಟಣದಲ್ಲಿ ಜನಿಸಿದರು. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. ಆದರೆ ಶಾಲೆಯ ಬಾಗಿಲು ತೆರೆದೊಡನೆ ವಿದ್ಯೆ ದೊರೆತಂತಾಯಿತೆ?

1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಅವರ ವರದಿ ಪ್ರಕಟವಾಯಿತು. ಸುಮಾರು 4,000 ಶಾಲೆಗಳ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಆ ವರದಿಯು, ಕಲಿಕೆಯ ಮಟ್ಟವು ಶಾಲೆಯ ಕಟ್ಟಡ, ಸಲಕರಣೆಗಳಿಗಿಂತ ಮನೆಯ ಸ್ಥಿತಿಗತಿಗಳನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂದು ತಿಳಿಸಿತು. ಬಡ ಮಕ್ಕಳ ವಿಷಯದಲ್ಲಿ ಶಾಲೆಯು ನಿಸ್ಸಹಾಯಕವೆಂದೇ ಹಲವರು ಇದನ್ನು ಅರ್ಥೈಸಿದರು. ಕೈಕಟ್ಟಿ ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ!

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಎಡ್ಮಂಡ್ಸ್ ಇದನ್ನು ಒಪ್ಪಲಿಲ್ಲ. ಸರಾಸರಿಗಳ ಮರೆಯಲ್ಲಿ ಅಡಗಿದ್ದ ಅಪವಾದಗಳನ್ನು ಅವರು ಹುಡುಕಹೊರಟರು. ಡೆಟ್ರಾಯಿಟ್ ನಗರದ ಬಡ ಬಡಾವಣೆಗಳ 20 ಶಾಲೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಎರಡು ಶಾಲೆಗಳ ಮಕ್ಕಳು 11 ಸಾಮಾಜಿಕ ಅಂಶಗಳಲ್ಲಿ ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಆದರೂ ಒಂದು ಶಾಲೆಯ ಮಕ್ಕಳು ಓದಿನಲ್ಲಿಯೂ ಗಣಿತದಲ್ಲಿಯೂ ನಗರದ ಸರಾಸರಿಗಿಂತ ಮುಂದೆ. ಇನ್ನೊಂದರವರು ಎರಡರಲ್ಲಿಯೂ ಹಿಂದೆ. ಮನೆಗಳು ಒಂದೇ ತೆರನಾಗಿದ್ದಮೇಲೆ ವ್ಯತ್ಯಾಸದ ಮೂಲವನ್ನು ಶಾಲೆಯೊಳಗೇ ಹುಡುಕಬೇಕಾಯಿತು.

ಬೋಧನೆಯಲ್ಲಿ ಆಸಕ್ತಿಯುಳ್ಳ ದೃಢಚಿತ್ತದ ಮುಖ್ಯೋಪಾಧ್ಯಾಯರು, ಯಾವ ಮಗುವನ್ನೂ ದಡ್ಡನೆಂದು ಕೈಬಿಡದ ಉಪಾಧ್ಯಾಯರು, ಶಿಸ್ತಿದ್ದರೂ ಭಯವಿಲ್ಲದ ವಾತಾವರಣ, ಓದು ಬರಹ ಲೆಕ್ಕಗಳಿಗೆ ಅಗ್ರಸ್ಥಾನ, ಮಕ್ಕಳ ಪ್ರಗತಿಯ ಎಡೆಬಿಡದ ಪರಿಶೀಲನೆ, ಇವು ಯಶಸ್ವೀ ಶಾಲೆಗಳಲ್ಲಿ ಅವರಿಗೆ ಕಂಡ ಲಕ್ಷಣಗಳು. 1979ರಲ್ಲಿ ಅವರು ಇವನ್ನು ಪ್ರಕಟಿಸಿದರು. ಇವೇ ಯಶಸ್ಸಿಗೆ ಕಾರಣವೋ, ಯಶಸ್ಸಿನೊಡನೆ ಕಾಣಿಸಿಕೊಳ್ಳುವ ಗುರುತುಗಳು ಮಾತ್ರವೋ ಎಂದು ವಿಮರ್ಶಕರು ಕೇಳಿದರು. ಆ ಆಕ್ಷೇಪವು ನ್ಯಾಯವಾದುದೇ.

ಈ ಪಟ್ಟಿಗಿಂತಲೂ ಅವರ ಅಳತೆಗೋಲು ದೊಡ್ಡದು. ಶಾಲೆಯ ಒಟ್ಟು ಫಲಿತಾಂಶವನ್ನು ಅವರು ನಂಬುತ್ತಿರಲಿಲ್ಲ; ಉಳ್ಳವರ ಮಕ್ಕಳ ಹೆಚ್ಚಿನ ಅಂಕಗಳು ಇಲ್ಲದವರ ಸೋಲನ್ನು ಮುಚ್ಚಿಬಿಡುತ್ತವಷ್ಟೆ. ಬಡ ಮಕ್ಕಳ ಫಲಿತಾಂಶವನ್ನು ಬೇರೆಯಾಗಿ ಎಣಿಸಿ, ಅಗತ್ಯ ವಿದ್ಯೆಯಲ್ಲಿ ಅವರೂ ಇತರರ ಸಮಕ್ಕೆ ನಿಂತಾಗಲೇ ಆ ಶಾಲೆಯನ್ನು ಪರಿಣಾಮಕಾರಿಯೆಂದು ಕರೆಯುತ್ತಿದ್ದರು.

ನ್ಯೂಯಾರ್ಕ್ ನಗರದ ಶಾಲೆಗಳ ಆಡಳಿತದಲ್ಲಿ ಕೆಲಕಾಲ ದುಡಿದು, ಬಳಿಕ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ಮಂಡ್ಸ್ 1983ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ ನಿಧನರಾದರು. 2001ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಶಿಕ್ಷಣ ಶಾಸನವು, ಬಡ ಮಕ್ಕಳ ಫಲಿತಾಂಶವನ್ನು ಪ್ರತಿಯೊಂದು ಸಾರ್ವಜನಿಕ ಶಾಲೆಯೂ ಪ್ರತ್ಯೇಕವಾಗಿ ತೋರಿಸಬೇಕೆಂದು ವಿಧಿಸಿತು.